ಗಡಿಯಾರದ ಜೊತೆ ಜಾರಿದ ಊಟದ ಹೆಸರುಗಳು

ಈಕ್ವೆಡಾರ್ ದೇಶದ ರಾಜಧಾನಿ ಕೀಟೊದ ಸಣ್ಣ ಖಾನಾವಳಿಗಳ ಮುಂದೆ ಎರಡು ಪದಗಳ ಫಲಕ ಸಾಮಾನ್ಯ: ಅಲ್ಮುವೆರ್ಸೊ, ಮೆರಿಯೆಂದಾ. ಸ್ಪೇನಿನ ಮ್ಯಾಡ್ರಿಡ್‌ನಿಂದ ಬಂದವರು ಇದನ್ನು ಓದಿದರೆ ಅವರ ಮನಸ್ಸಿಗೆ ಬರುವ ಮೆರಿಯೆಂದಾ ಸಂಜೆಯ ಲಘು ತಿಂಡಿ. ಶಾಲೆಯಿಂದ ಬಂದ ಮಕ್ಕಳಿಗೆ ಕೊಡುವ ಬ್ರೆಡ್ಡು, ಚಾಕೊಲೇಟು, ಒಂದು ಲೋಟ ಹಾಲು. ಆದರೆ ಕೀಟೊದಲ್ಲಿ ಆ ಹೆಸರು ಹೇಳಿ ಕುಳಿತವರ ಮುಂದೆ ಬರುವುದು ಸೂಪು, ಅನ್ನ, ಮಾಂಸ. ಅಲ್ಲಿ ಅದು ರಾತ್ರಿಯ ಪೂರ್ತಿ ಊಟ. ಭಾಷೆ ಒಂದೇ, ಪದ ಒಂದೇ, ಕಾಗುಣಿತ ಕೂಡ ಒಂದೇ. ತಟ್ಟೆ ಮಾತ್ರ ಬೇರೆ.

ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ. 20 ಸ್ವತಂತ್ರ ದೇಶಗಳಲ್ಲಿ ಅಧಿಕೃತ ಭಾಷೆ. ಇಷ್ಟು ದೂರದೂರ ಹರಡಿದ್ದರೂ ಅದರ ವ್ಯಾಕರಣ, ಬರವಣಿಗೆಯ ರೂಪ ಆಶ್ಚರ್ಯವಾಗುವಷ್ಟು ಒಗ್ಗಟ್ಟಿನದು. ಪೆರುವಿನ ಲಿಮಾದಲ್ಲಿ ಅಚ್ಚಾದ ಪತ್ರಿಕೆಯನ್ನು ಸ್ಪೇನಿನ ಸೆವಿಲ್ಯಾದವರು ತಡವರಿಸದೆ ಓದುತ್ತಾರೆ. ಆದರೆ ಮನೆಯ ಮಾತಿಗೆ, ಅದರಲ್ಲೂ ಊಟದ ಮಾತಿಗೆ ಬಂದರೆ ಒಂದೊಂದು ಸೀಮೆಗೂ ಒಂದೊಂದು ಲೆಕ್ಕ. ಇದನ್ನು ಕೇವಲ ಸ್ವಾರಸ್ಯದ ಸಂಗತಿ ಎಂದು ತಳ್ಳಿಬಿಡುವುದು ಸರಿಯಲ್ಲ. ಒಂದು ಊರಿನ ಜನ ಎಷ್ಟು ಹೊತ್ತಿಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು, ನಡುವೆ ಎಷ್ಟು ಸಲ ಕೈತೊಳೆದು ಕೂರುತ್ತಿದ್ದರು, ಮನೆಗೆ ಯಾವಾಗ ಮರಳುತ್ತಿದ್ದರು ಎಂಬ ಚರಿತ್ರೆ ಈ ಪದಗಳಲ್ಲಿ ಉಳಿದುಕೊಂಡಿದೆ. ದುಡಿಮೆಯ ದಿನದ ಆಕಾರ ಬದಲಾದಾಗಲೆಲ್ಲ ಊಟದ ಹೆಸರುಗಳು ಹಿಂದಕ್ಕೋ ಮುಂದಕ್ಕೋ ಜಾರಿವೆ. ಅದನ್ನೇ ಇಲ್ಲಿ ನಿಧಾನವಾಗಿ ಬಿಡಿಸಿ ನೋಡಬೇಕಾಗಿದೆ.

ಸ್ಪ್ಯಾನಿಷ್ ಪಠ್ಯಪುಸ್ತಕಗಳು ಊಟಕ್ಕೆ ಕಲಿಸುವ ಪದಗಳು ಐದು. ದೆಸಾಯುನೊ, ಅಲ್ಮುವೆರ್ಸೊ, ಕೊಮಿದಾ, ಮೆರಿಯೆಂದಾ, ಸೆನಾ. ಇವುಗಳಲ್ಲಿ ದೆಸಾಯುನೊ ಒಂದೇ ಹೆಚ್ಚುಕಡಿಮೆ ಎಲ್ಲೆಡೆ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿರುವುದು. ‘ಆಯುನೊ’ ಎಂದರೆ ಉಪವಾಸ. ಅದನ್ನು ಮುರಿಯುವುದು ದೆಸಾಯುನೊ. ಉತ್ತರ ಕರ್ನಾಟಕದ ‘ನಾಷ್ಟಾ’ದ ಹಿಂದೆಯೂ ಇದೇ ಎಣಿಕೆ ಇದೆ, ಪಾರ್ಸಿಯಲ್ಲಿ ಆ ಪದಕ್ಕೆ ಬರಿ ಹೊಟ್ಟೆಯಲ್ಲಿರುವುದು ಎಂಬ ಅರ್ಥವಿತ್ತು. ಎದ್ದ ಮೇಲಿನ ಮೊದಲ ತುತ್ತು ಎಷ್ಟು ಹೊತ್ತಿಗೆ ತಿಂದರೂ ಮೊದಲನೆಯದೇ ಆದ್ದರಿಂದ ಈ ಹೆಸರು ಜಾರಲು ಕಾರಣವೇ ಇಲ್ಲ. ಉಳಿದ ನಾಲ್ಕಕ್ಕೆ ಅಂಥ ಆಸರೆಯಿಲ್ಲ. ಅಲ್ಮುವೆರ್ಸೊ ಲ್ಯಾಟಿನ್ನಿನ ‘ಕಚ್ಚುವುದು’ ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಮೊದಲಕ್ಷರ ‘ಅಲ್’ ಆದದ್ದು ಅರಬ್ಬಿಯ ಪ್ರಭಾವದಿಂದ. ಒಟ್ಟು ಪದದ ಅರ್ಥ ‘ಒಂದು ಕಚ್ಚು’. ಕೊಮಿದಾ ಎಂದರೆ ಸುಮ್ಮನೆ ‘ತಿನ್ನುವುದು’. ಮೆರಿಯೆಂದಾ ಲ್ಯಾಟಿನ್ನಿನ ಮೆರೆಂದಾ. ದುಡಿದು ಪಡೆಯತಕ್ಕದ್ದು ಎಂಬ ಧಾತುವಿಗೆ ಅದನ್ನು ಜೋಡಿಸುತ್ತಾರೆ. ಯಾವುದರಲ್ಲೂ ಗಂಟೆಯ ಸುಳಿವಿಲ್ಲ. ಹಾಗಾಗಿ ಯಾವ ಸೀಮೆಯವರು ಯಾವ ಹೊತ್ತಿಗೆ ಬೇಕಾದರೂ ಹಚ್ಚಬಹುದಾದ ಹೆಸರುಗಳು ಇವು.

ಈ ಜಾರಾಟ ಸ್ಪ್ಯಾನಿಷ್ ಹುಟ್ಟುವ ಮೊದಲೇ ಶುರುವಾಗಿತ್ತು. ಈಗ ರಾತ್ರಿಯೂಟವಾಗಿರುವ ಸೆನಾ ಬಹಳ ಹಿಂದಿನ ರೋಮನ್ನರಿಗೆ ಹಗಲಿನ ನಡುವಿನ ದೊಡ್ಡ ಊಟ. ರಾತ್ರಿಯ ಸಣ್ಣ ಊಟಕ್ಕೆ ವೆಸ್ಪೆರ್ನಾ ಎಂಬ ಬೇರೆ ಹೆಸರಿತ್ತು. ನಗರ ಬೆಳೆದಂತೆ, ಕಚೇರಿ, ಸ್ನಾನಗೃಹಗಳ ದಿನಚರಿ ಉದ್ದವಾದಂತೆ ಸೆನಾ ಇಳಿಹೊತ್ತಿಗೆ ಸರಿಯಿತು. ವೆಸ್ಪೆರ್ನಾಕ್ಕೆ ಜಾಗವಿಲ್ಲದೆ ಆ ಪದವೇ ಅಳಿಯಿತು. ಇನ್ನೊಂದು ಲ್ಯಾಟಿನ್ ಕ್ರಿಯಾಪದದ ಪಯಣ ಇದಕ್ಕಿಂತ ದೂರದ್ದು. ರೋಮನ್ನರಲ್ಲಿ ಅದು ಬೆಳಗಿನ ತಿಂಡಿ ತಿನ್ನುವುದು. ಅದೇ ಹಳೆಯ ಸ್ಪ್ಯಾನಿಷ್‌ನಲ್ಲಿ ‘ಯಾಂತಾರ್’ ಆಗಿ ಮಧ್ಯಾಹ್ನದ ಊಟವಾಯಿತು. ರಾಜನೋ ಪಾಳೆಯಗಾರನೋ ಊರಿಗೆ ಬಂದಾಗ ಅವನ ಪರಿವಾರಕ್ಕೆ ಉಣಿಸಲು ಜನ ಕೊಡಬೇಕಿದ್ದ ತೆರಿಗೆಗೂ ಅದೇ ಹೆಸರು. ನೆರೆಯ ಪೋರ್ಚುಗೀಸ್‌ನಲ್ಲಿ ಅದೇ ಪದ ‘ಜಂತಾರ್’. ಇವತ್ತು ಅದು ರಾತ್ರಿಯೂಟ. ಬೆಳಗ್ಗೆ ಹೊರಟ ಪದವೊಂದು ಎರಡು ಸಾವಿರ ವರ್ಷಗಳಲ್ಲಿ ರಾತ್ರಿ ತಲುಪಿತು.

ಫ್ರೆಂಚರಲ್ಲೂ ಇದೇ ಆಗಿದೆ. ಪ್ಯಾರಿಸ್ಸಿನಲ್ಲಿ ‘ದೆಜನೆ’ ಈಗ ಮಧ್ಯಾಹ್ನದ ಊಟ. ಕೆನಡಾದ ಕ್ವಿಬೆಕ್‌ನಲ್ಲಿ ಅದು ಇನ್ನೂ ಬೆಳಗಿನ ತಿಂಡಿಯೇ. ರಾಜಧಾನಿಯ ಸಿರಿವಂತರು ದೀಪದ ಬೆಳಕಿನಲ್ಲಿ ತಡವಾಗಿ ಉಣ್ಣತೊಡಗಿದಾಗ ಹೆಸರುಗಳು ಸಾಲಾಗಿ ಮುಂದಕ್ಕೆ ತಳ್ಳಿಸಿಕೊಂಡವು. ದೂರದ ಸೀಮೆಗಳು ಹಳೆಯ ಜಾಗವನ್ನೇ ಹಿಡಿದು ಉಳಿದವು. ಸ್ಪ್ಯಾನಿಷ್‌ನ ಚಿತ್ರ ಇದಕ್ಕಿಂತ ಜಟಿಲ, ಏಕೆಂದರೆ ಅದಕ್ಕೆ ಒಂದು ರಾಜಧಾನಿಯಲ್ಲ, ಹತ್ತಾರು.

ಮೊದಲು ಸ್ಪೇನ್. ಅಲ್ಲಿ ಬಹುಪಾಲು ಜನ ಕೊಮಿದಾ ಎನ್ನುವುದು ಮಧ್ಯಾಹ್ನ 2ರಿಂದ 3ರ ನಡುವಿನ ಊಟಕ್ಕೆ. ಸೆನಾ ರಾತ್ರಿ 9ರ ಮೇಲೆ. ಹೊರಗಿನವರು ಇದನ್ನು ಸೋಮಾರಿತನ ಎನ್ನುವುದುಂಟು. ಆ ಮಾತು ಅನ್ಯಾಯದ್ದು. 1940ರ ಮಾರ್ಚ್ 16ರ ರಾತ್ರಿ 11 ಗಂಟೆಗೆ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು. ಎರಡನೆಯ ಮಹಾಯುದ್ಧ ಮುಗಿದರೂ ಅದನ್ನು ಹಿಂದಿರುಗಿಸಲಿಲ್ಲ. ಮ್ಯಾಡ್ರಿಡ್ ಇರುವುದು ಗ್ರೀನಿಚ್‌ಗಿಂತ ಪಶ್ಚಿಮಕ್ಕೆ. ಗಡಿಯಾರ ನಡೆಯುವುದು ಬರ್ಲಿನ್ನಿನಂತೆ. ಹಾಗಾಗಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಚಳಿಗಾಲದಲ್ಲಿ ಗಡಿಯಾರ ಸುಮಾರು 1:15 ತೋರಿಸುತ್ತದೆ, ಬೇಸಿಗೆಯಲ್ಲಿ 2:15. ಜುಲೈ ತಿಂಗಳಲ್ಲಿ ಎರಡೂವರೆಗೆ ಉಣ್ಣಲು ಕೂತವರು ಸೂರ್ಯನ ಲೆಕ್ಕದಲ್ಲಿ ನಡುಹಗಲಿಗೇ ಕೂತಿದ್ದಾರೆ. ಪಕ್ಕದ ಪೋರ್ಚುಗಲ್ ಗ್ರೀನಿಚ್ ಸಮಯವನ್ನೇ ಅನುಸರಿಸುತ್ತದೆ. ಗಡಿಯ ನದಿ ದಾಟಿದರೆ ಸೂರ್ಯ ಅದೇ, ಊಟದ ಗಂಟೆ ಮಾತ್ರ ಒಂದು ಗಂಟೆ ಮುಂಚೆ. ಇದರ ಜೊತೆಗೆ ಅಂತರ್ಯುದ್ಧದ ನಂತರದ ಬಡತನದ ವರ್ಷಗಳಲ್ಲಿ ಅನೇಕರು ದಿನಕ್ಕೆ ಎರಡು ನೌಕರಿ ಮಾಡುತ್ತಿದ್ದರು. ಮೊದಲನೆಯದು ಮುಗಿದ ಮೇಲೆ, ಎರಡನೆಯದಕ್ಕೆ ಹೋಗುವ ಮೊದಲು ಊಟ. ತಡವಾದ ಕೊಮಿದಾದ ಹಿಂದೆ ಸೋಮಾರಿಗಳಿಲ್ಲ, ದಣಿದವರಿದ್ದಾರೆ. ಹಗಲಿನ ಕಿರುನಿದ್ದೆ ‘ಸಿಯೆಸ್ತಾ’ದ ಕಥೆಯೂ ಇದೇ. ಲ್ಯಾಟಿನ್ನಿನ ‘ಆರನೆಯ ತಾಸು’ ಎಂಬ ಪದದಿಂದ ಅದು ಬಂದದ್ದು. ಸೂರ್ಯೋದಯದಿಂದ ಆರನೆಯ ತಾಸು ಎಂದರೆ ನಡುಹಗಲು. ಈಗ ಗಡಿಯಾರದಲ್ಲಿ ಅದು ಬರುವುದು ಊಟದ ಮೇಲೆ, ನಾಲ್ಕರ ಸುಮಾರಿಗೆ.

ಆದರೆ ಎಲ್ಲವನ್ನೂ ಗಡಿಯಾರದ ಮೇಲೆ ಹಾಕುವಂತಿಲ್ಲ. ಮೆಕ್ಸಿಕೊದಲ್ಲಿ ಫ್ರಾಂಕೊನ ಆಜ್ಞೆ ನಡೆಯುತ್ತಿರಲಿಲ್ಲ. ಆದರೂ ಅಲ್ಲಿ ಕೊಮಿದಾ 2ರಿಂದ 4ರ ನಡುವೆಯೇ. ಅಲ್ಲಿನ ಗುಟ್ಟು ಬೆಳಗಿನಲ್ಲಿದೆ. ಕೆಲಸಕ್ಕೆ ಹೊರಡುವವರು ಮುಂಜಾನೆ ರಸ್ತೆ ಬದಿಯಲ್ಲಿ ತಮಾಲ್ ಎಂಬ ಮೆಕ್ಕೆಜೋಳದ ಕಡುಬು ತಿಂದು, ಅದೇ ಜೋಳದ ಬಿಸಿ ಗಂಜಿ ಅತೊಲೆ ಕುಡಿದಿರುತ್ತಾರೆ, ಅದು ದೆಸಾಯುನೊ. ಹತ್ತು ಹನ್ನೊಂದಕ್ಕೆ ಇನ್ನೊಂದು ಸಲ ಕೂರುತ್ತಾರೆ. ಮೊಟ್ಟೆ, ಬೀನ್ಸ್ ಕಾಳು, ಸಾರಿನಲ್ಲಿ ನೆನೆದ ತೋರ್ತಿಯಾ ರೊಟ್ಟಿಯ ತುಂಡುಗಳ ಚಿಲಾಕಿಲೆಸ್. ಇದು ಅಲ್ಮುವೆರ್ಸೊ. ಇಷ್ಟು ತಿಂದವರಿಗೆ ಹನ್ನೆರಡಕ್ಕೆ ಹಸಿವಾಗುವುದಿಲ್ಲ. ಆದ್ದರಿಂದ ಕೊಮಿದಾ ಇಳಿಹೊತ್ತಿಗೆ ಸರಿಯುತ್ತದೆ, ರಾತ್ರಿಯದು ಹಗುರಾಗುತ್ತದೆ. ಇತ್ತ ಕೊಲಂಬಿಯಾ, ಪೆರು, ಚಿಲಿ, ಅರ್ಜೆಂಟೀನಾದಲ್ಲಿ ಅದೇ ಅಲ್ಮುವೆರ್ಸೊ ಮಧ್ಯಾಹ್ನದ ದೊಡ್ಡ ಊಟ. ಕೊಲಂಬಿಯಾದ ಬೊಗೋಟಾದವರು ಹನ್ನೆರಡೂವರೆಗೆ ಅಲ್ಮುವೆರ್ಸೊ ಮುಗಿಸಿ ಕೈತೊಳೆಯುವಾಗ ಮೆಕ್ಸಿಕೊ ನಗರದವರು ಆ ಹೆಸರಿನದನ್ನು ಯಾವಾಗಲೋ ಮರೆತು ಕೊಮಿದಾಕ್ಕೆ ಕಾಯುತ್ತಿರುತ್ತಾರೆ.

ಸ್ಪೇನಿನೊಳಗೇ ಅಲ್ಮುವೆರ್ಸೊಗೆ ಎರಡು ಬಾಳು. ಪೂರ್ವ ಕರಾವಳಿಯ ವಲೆನ್ಸಿಯಾ, ಒಳನಾಡಿನ ಅರಗಾನ್, ಉತ್ತರದ ನವಾರ್ರಾಗಳಲ್ಲಿ ಅದು ಬೆಳಿಗ್ಗೆ ಹತ್ತರ ಆಸುಪಾಸಿನ ತಿಂಡಿ. ವಲೆನ್ಸಿಯಾದಲ್ಲಂತೂ ಅದು ತಿಂಡಿಗಿಂತ ದೊಡ್ಡದು. ಕಿತ್ತಳೆ ತೋಟದಲ್ಲಿ, ಭತ್ತದ ಗದ್ದೆಯಲ್ಲಿ ನಸುಕಿನಿಂದ ದುಡಿದವರು ಕೆಲಸ ನಿಲ್ಲಿಸಿ ಕೂರುವ ಹೊತ್ತು ಅದು. ಮೊಳದುದ್ದದ ಬ್ರೆಡ್ಡಿನ ನಡುವೆ ಆಮ್ಲೆಟ್ಟೋ ಮಾಂಸವೋ ತುಂಬಿದ್ದು, ಮೇಜಿನ ಮೇಲೆ ಸಿಪ್ಪೆ ಸಹಿತ ಕಡಲೆಕಾಯಿ, ಆಲಿವ್, ಸ್ವಲ್ಪ ವೈನು, ಕೊನೆಗೆ ರಮ್ ಸುಟ್ಟು ಕಾಫಿ ಬೆರೆಸಿದ ಕ್ರೆಮಾಎತ್. ಈಗ ತೋಟಕ್ಕೆ ಹೋಗದ ಬ್ಯಾಂಕಿನ ಗುಮಾಸ್ತರೂ ಅಂಗಡಿಯವರೂ ಭಾನುವಾರದ ಸೈಕಲ್ ಸವಾರರೂ ಅದೇ ಹೊತ್ತಿಗೆ ಅದೇ ಮೇಜಿಗೆ ಬರುತ್ತಾರೆ. ಕೆಲಸ ಬದಲಾದರೂ ಬಿಡುವನ್ನು ಬಿಟ್ಟುಕೊಡಲಿಲ್ಲ. ಇದು ನನಗೆ ಬಹಳ ಗೌರವ ಹುಟ್ಟಿಸುವ ಸಂಗತಿ. ಅದೇ ಪದವನ್ನು ಮ್ಯಾಡ್ರಿಡ್‌ನ ಔಪಚಾರಿಕ ಸ್ಪ್ಯಾನಿಷ್ ಮಧ್ಯಾಹ್ನದ ಭೋಜನಕೂಟಕ್ಕೆ ಬಳಸುತ್ತದೆ. ಪತ್ರಿಕೆಯಲ್ಲಿ ರಾಜನೊಬ್ಬ ಅತಿಥಿಗೆ ಅಲ್ಮುವೆರ್ಸೊ ನೀಡಿದ ಎಂದು ಓದಿದರೆ ಅಲ್ಲಿ ಕಡಲೆಕಾಯಿ ಇರಲಿಲ್ಲ ಎಂದು ತಿಳಿಯಬೇಕು.

ಅಲ್ಮುವೆರ್ಸೊದ ಹಳೆಯ ಜಾಗ ಬೆಳಗೇ ಎಂಬುದಕ್ಕೆ ಸೊಗಸಾದ ಸಾಕ್ಷಿ ಸಿಗುವುದು ಸ್ಪ್ಯಾನಿಷ್ ಮಾತಾಡದ ನಾಡಿನಲ್ಲಿ. ಫಿಲಿಪ್ಪೀನ್ಸ್ 1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆಯಲ್ಲಿತ್ತು. ಅದರಲ್ಲೂ ಎರಡೂವರೆ ಶತಮಾನ ಮೆಕ್ಸಿಕೊದ ಅಕಪುಲ್ಕೊ ಬಂದರಿನಿಂದ ಮನಿಲಾಕ್ಕೆ ಹಡಗು ಓಡಾಡುತ್ತಿತ್ತು. ಅಲ್ಲಿನ ತಗಾಲೊಗ್ ಭಾಷೆಯಲ್ಲಿ ಬೆಳಗಿನ ತಿಂಡಿಗೆ ಇವತ್ತಿಗೂ ‘ಅಲ್ಮುಸಾಲ್’ ಎನ್ನುತ್ತಾರೆ. ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ಅವರಲ್ಲಿ ತಮ್ಮದೇ ಪದಗಳಿವೆ. ಆದರೆ ನಡುವಿನ ಲಘು ತಿಂಡಿಗೆ ಮತ್ತೆ ಸ್ಪ್ಯಾನಿಷ್ಷೇ: ‘ಮೆರ್ಯೆಂದಾ’. ಅದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತದೆ.

ಮೆರಿಯೆಂದಾ ಸ್ಪೇನ್‌ನಲ್ಲೂ ಅರ್ಜೆಂಟೀನಾ, ಉರುಗ್ವೆಗಳಲ್ಲೂ ಸಂಜೆಯದು. ರಾತ್ರಿಯೂಟ ಒಂಬತ್ತು, ಹತ್ತಕ್ಕೆ ಎಂದಮೇಲೆ ಐದು ಆರರ ನಡುವೆ ಏನಾದರೂ ಬೇಕೇಬೇಕು. ಬ್ಯೂನೋಸ್ ಐರಿಸ್‌ನಲ್ಲಿ ಅದು ಮಾತೆ ಎಂಬ ಎಲೆಯ ಕಷಾಯ ಮತ್ತು ಬೇಕರಿಯ ಸಿಹಿ. ಈಕ್ವೆಡಾರ್‌ನಲ್ಲಿ ಅದೇಕೆ ರಾತ್ರಿಯೂಟವಾಯಿತು? ಸಮಭಾಜಕದ ಆ ನಾಡಿನಲ್ಲಿ ವರ್ಷವಿಡೀ ಆರೂವರೆಯ ಹೊತ್ತಿಗೆ ಕತ್ತಲಾಗುತ್ತದೆ. ಬೇಗ ಎದ್ದು, ಬೇಗ ಉಂಡು, ಬೇಗ ಮಲಗುವ ದಿನಚರಿಯಲ್ಲಿ ಸಂಜೆಯ ತಿಂಡಿಗೂ ರಾತ್ರಿಯ ಊಟಕ್ಕೂ ನಡುವೆ ಅಂತರವೇ ಇಲ್ಲ. ಎರಡೂ ಒಂದಾದಾಗ ಹಗುರದ ಹೆಸರು ಉಳಿಯಿತು, ಭಾರದ ಊಟ ಉಳಿಯಿತು ಎಂದು ನನಗೆ ತೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸುವುದು ಕೊಮಿದಾ. ಅದರ ಮೊದಲ ಅರ್ಥ ‘ಆಹಾರ’. ಎರಡನೆಯದು ‘ದಿನದ ಮುಖ್ಯ ಊಟ’. ಮುಖ್ಯ ಊಟ ಯಾವುದು ಎಂಬುದು ಊರಿನ ಮೇಲೆ. ಸ್ಪೇನ್, ಮೆಕ್ಸಿಕೊಗಳಲ್ಲಿ ಮಧ್ಯಾಹ್ನದ್ದು. ಕೊಲಂಬಿಯಾ, ಕ್ಯೂಬಾ, ಚಿಲಿಗಳಲ್ಲಿ ರಾತ್ರಿಯದು. ಅಲ್ಲಿ ಸೆನಾ ಎಂದರೆ ಕ್ರಿಸ್‌ಮಸ್ಸಿನಂಥ ವಿಶೇಷ ಭೋಜನದ ಗತ್ತು ಬರುತ್ತದೆ. ಬೊಗೋಟಾದವರೊಬ್ಬರು ಮ್ಯಾಡ್ರಿಡ್‌ನವರನ್ನು ಶನಿವಾರ ಕೊಮಿದಾಕ್ಕೆ ಕರೆದರೆ ಒಬ್ಬರು ಮಧ್ಯಾಹ್ನಕ್ಕೆ ಸಿದ್ಧರಾಗುತ್ತಾರೆ, ಇನ್ನೊಬ್ಬರು ರಾತ್ರಿಗೆ ಅಡುಗೆ ಮಾಡುತ್ತಿರುತ್ತಾರೆ. ಇದರಲ್ಲಿ ವರ್ಗದ ಗುರುತೂ ಸೇರಿಕೊಳ್ಳುತ್ತದೆ. ಅರ್ಜೆಂಟೀನಾದ ಲೇಖಕ ಅದೊಲ್ಫೊ ಬಿಯೊಯ್ ಕಸಾರೆಸ್ ತಮ್ಮ ಗೆಳೆಯ, ಲೇಖಕ ಬೋರ್ಹೆಸ್ ಬಗ್ಗೆ ಬರೆದಿಟ್ಟಿದ್ದ ದಿನಚರಿ 2006ರಲ್ಲಿ ದೊಡ್ಡ ಗ್ರಂಥವಾಗಿ ಅಚ್ಚಾಯಿತು. ಬಿಯೊಯ್ ಮನೆಗೆ ಬೋರ್ಹೆಸ್ ಊಟಕ್ಕೆ ಬಂದ ಸಂಗತಿ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಬಿಯೊಯ್ ಬಳಸುವ ಕ್ರಿಯಾಪದ ‘ಕೊಮೆರ್’. ಅದು ರಾತ್ರಿಯೂಟ. ಬ್ಯೂನೋಸ್ ಐರಿಸ್‌ನ ಹಳೆಯ ಸಿರಿವಂತ ಮನೆಗಳ ಮಾತು ಅದು. ಅದೇ ನಗರದ ಸಾಮಾನ್ಯ ಮನೆಗಳಲ್ಲಿ ‘ಸೆನಾರ್’ ಎನ್ನುತ್ತಾರೆ.

ಇನ್ನು ಪಠ್ಯಪುಸ್ತಕದ ಐದರ ಹೊರಗಿನ ಹೆಸರುಗಳು. ನನಗೆ ಇವೇ ಹೆಚ್ಚು ಪ್ರಿಯ. ಚಿಲಿಯಲ್ಲಿ ಸಂಜೆ ‘ಒನ್ಸೆ’ ತೆಗೆದುಕೊಳ್ಳುತ್ತಾರೆ. ಒನ್ಸೆ ಎಂದರೆ ಹನ್ನೊಂದು. ಸಂಜೆ ಆರರಿಂದ ಎಂಟರ ನಡುವಿನ ಈ ಹನ್ನೊಂದರಲ್ಲಿ ಬಿಸಿ ಟೀ, ಮರ್ರಾಕೆತಾ ಎಂಬ ಗರಿಗರಿ ಬ್ರೆಡ್ಡು, ಅದರ ಮೇಲೆ ಹಿಸುಕಿದ ಬೆಣ್ಣೆಹಣ್ಣು, ಗಿಣ್ಣು. ಬಹಳ ಮನೆಗಳಲ್ಲಿ ಇದಾದ ಮೇಲೆ ಬೇರೆ ಊಟವಿಲ್ಲ. ಹೆಸರಿನ ಬಗ್ಗೆ ಅಲ್ಲಿ ಒಂದು ಕಥೆ ಪ್ರಸಿದ್ಧ: ಉತ್ತರದ ಮರುಭೂಮಿಯ ಗಣಿ ಕಾರ್ಮಿಕರು ಸಂಜೆ ಕದ್ದು ಕುಡಿಯುತ್ತಿದ್ದ ಸಾರಾಯಿಯ ಹೆಸರು ಅಗ್ವಾರ್ದಿಯೆಂತೆ, ಸ್ಪ್ಯಾನಿಷ್‌ನಲ್ಲಿ ಬರೆದರೆ ಅದಕ್ಕೆ ಹನ್ನೊಂದು ಅಕ್ಷರ, ಮೇಸ್ತ್ರಿಗೆ ತಿಳಿಯದಿರಲೆಂದು ‘ಹನ್ನೊಂದು ತೆಗೆದುಕೊಳ್ಳೋಣ’ ಎನ್ನುತ್ತಿದ್ದರಂತೆ. ಕೇಳಲು ಚೆನ್ನಾಗಿದೆ, ನಂಬಲು ಕಷ್ಟ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುವುದಕ್ಕೆ ‘ಹನ್ನೊಂದು ಮಾಡುವುದು’ ಎಂಬ ಮಾತು ಸ್ಪೇನಿನ ಹಳೆಯ ನಿಘಂಟುಗಳಲ್ಲೇ ಇದೆ. ಸ್ಪೇನಿನ ಬಾಸ್ಕ್ ಜನರ ಭಾಷೆ ಸ್ಪ್ಯಾನಿಷ್‌ಗೆ ಸಂಬಂಧವೇ ಇಲ್ಲದ್ದು. ಅಲ್ಲೂ ಬೆಳಗಿನ ನಡುವಿನ ತಿಂಡಿಗೆ ‘ಹಮೈಕೆತಾಕೊ’, ಅಂದರೆ ಹನ್ನೊಂದರದು, ಎನ್ನುತ್ತಾರೆ. ಬೆಳಗಿನ ಹನ್ನೊಂದು ಸಮುದ್ರ ದಾಟಿ ಸಂಜೆಗೆ ಸರಿದಿದೆ, ಅಷ್ಟೆ. ಕೊಲಂಬಿಯಾದ ಬೊಗೋಟಾದಲ್ಲೂ ‘ಒನ್ಸೆಸ್’ ಸಂಜೆಯದೇ. ಅಲ್ಲಿ ಬಿಸಿ ಚಾಕೊಲೇಟಿನೊಳಗೆ ಗಿಣ್ಣಿನ ತುಂಡು ಮುಳುಗಿಸಿ ಕರಗಿಸಿ ತಿನ್ನುತ್ತಾರೆ. ಬೆಳಗಿನ ನಡುವಿನದಕ್ಕೆ ಅಲ್ಲಿ ಬೇರೆ ಹೆಸರಿದೆ: ‘ಮೆದಿಯಾಸ್ ನುವೆವೆಸ್’, ಅರ್ಧ ಒಂಬತ್ತುಗಳು. ತಿನ್ನುವುದು ಹತ್ತರ ಹೊತ್ತಿಗೆ. ಅದೇ ದೇಶದ ಅಂತಿಯೋಕಿಯಾ ಬೆಟ್ಟಸೀಮೆಗೆ ಹೋದರೆ ಸಂಜೆಯ ತಿಂಡಿಯ ಹೆಸರು ‘ಆಲ್ಗೊ’. ಅರ್ಥ ‘ಏನಾದರೂ’. ಕಾಫಿ ತೋಟಗಳ ಆ ನಾಡಿನಲ್ಲಿ ‘ಏನಾದರೂ ತೆಗೆದುಕೊಂಡೆಯಾ’ ಎಂದು ಕೇಳುವುದು ಸಂಜೆಯ ಉಪಚಾರ.

ಪೆರುವಿನಲ್ಲಿ ಸಂಜೆಯ ಟೀ, ಬ್ರೆಡ್ಡಿಗೆ ‘ಲೊಂಚೆ’ ಎನ್ನುತ್ತಾರೆ. ಇದು ಇಂಗ್ಲಿಷಿನ ಲಂಚ್. ಅದೇ ಲೊಂಚೆ ಉತ್ತರ ಮೆಕ್ಸಿಕೊದಲ್ಲೂ ಅಮೆರಿಕದ ಸ್ಪ್ಯಾನಿಷ್ ಮಾತಾಡುವವರಲ್ಲೂ ಕೆಲಸಕ್ಕೋ ಶಾಲೆಗೋ ಕಟ್ಟಿಕೊಂಡು ಹೋಗುವ ಬುತ್ತಿ. ಮೆಕ್ಸಿಕೊದ ಗ್ವಾದಲಹಾರಾ ನಗರದಲ್ಲಿ ಅದು ಮಾಂಸ ತುಂಬಿದ ಬ್ರೆಡ್ಡು. ಬಂದ ಪದ ಒಂದು, ಇಳಿದ ಕಡೆಯಲ್ಲೆಲ್ಲ ಅಲ್ಲಿ ಖಾಲಿಯಿದ್ದ ಜಾಗ ಹಿಡಿದಿದೆ.

ಕೆಲಸಗಾರರ ಅಗ್ಗದ ಮಧ್ಯಾಹ್ನದೂಟಕ್ಕೂ ಊರಿಗೊಂದು ಹೆಸರಿದೆ: ಮೆಕ್ಸಿಕೊದಲ್ಲಿ ಕೊಮಿದಾ ಕೊರ್ರಿದಾ, ಕೊಲಂಬಿಯಾದಲ್ಲಿ ಕೊರ್ರಿಯೆಂತಾಸೊ, ಪೆರುವಿನಲ್ಲಿ ಬರಿಯ ‘ಮೆನು’. ಕೋಸ್ಟ ರಿಕಾದಲ್ಲಿ ಅನ್ನ, ಬೀನ್ಸ್ ಕಾಳು, ಪಲ್ಯ, ಮಾಂಸ ಒಂದೇ ತಟ್ಟೆಯಲ್ಲಿ ಬಂದರೆ ಅದು ‘ಕಸಾದೊ’, ಅಂದರೆ ಮದುವೆಯಾದದ್ದು.

ಹಾಗಾದರೆ ಸರಿಯಾದದ್ದು ಯಾವುದು? ಈ ಪ್ರಶ್ನೆಗೆ ಬಹುಕಾಲ ಮ್ಯಾಡ್ರಿಡ್ ಉತ್ತರ ಕೊಡುತ್ತಿತ್ತು. ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿ 1713ರಲ್ಲಿ ಸ್ಥಾಪನೆಯಾಯಿತು; ಅದರ ನಿಘಂಟಿನಲ್ಲಿ ಸ್ಪೇನಿನ ಅರ್ಥ ಮೂಲವೆಂಬಂತೆ, ಅಮೆರಿಕ ಖಂಡದ ಅರ್ಥ ಪ್ರಾದೇಶಿಕ ವ್ಯತ್ಯಾಸವೆಂಬಂತೆ ಗುರುತು ಹಾಕುವ ಪದ್ಧತಿಯಿತ್ತು. 1951ರಲ್ಲಿ ಮೆಕ್ಸಿಕೊದಲ್ಲಿ ಎಲ್ಲ ದೇಶಗಳ ಅಕಾಡೆಮಿಗಳ ಒಕ್ಕೂಟ ಹುಟ್ಟಿತು; 2010ರಲ್ಲಿ ಅದು ಅಮೆರಿಕ ಖಂಡದ ಪದಗಳಿಗೇ ಮೀಸಲಾದ ದೊಡ್ಡ ನಿಘಂಟನ್ನು ಹೊರತಂದಿತು. ತಡವಾಗಿ ಬಂದ ನ್ಯಾಯ, ಆದರೆ ನ್ಯಾಯ. ಸ್ಪ್ಯಾನಿಷ್ ಮನೆಮಾತಾಗಿರುವ ಹತ್ತು ಮಂದಿಯಲ್ಲಿ ಒಬ್ಬರು ಮಾತ್ರ ಸ್ಪೇನಿನಲ್ಲಿದ್ದಾರೆ. ಆ ಒಬ್ಬರ ಊಟದ ಪಟ್ಟಿಯನ್ನು ಉಳಿದ ಒಂಬತ್ತು ಮಂದಿಗೆ ಅಳತೆಗೋಲಾಗಿಸುವುದು ತಪ್ಪು. ಪಠ್ಯಪುಸ್ತಕ ಬರೆಯುವವರು ಪದದ ಪಕ್ಕದಲ್ಲಿ ಒಂದು ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಅದರ ಬದಲು ನಾಲ್ಕು ಊರುಗಳ ಹೆಸರು, ನಾಲ್ಕು ಗಂಟೆಗಳನ್ನು ಹಾಕಿದರೆ ಕಲಿಯುವವರಿಗೆ ನಿಜವಾದ ಉಪಕಾರವಾಗುತ್ತದೆ.

ಬೆಂಗಳೂರಿನಲ್ಲಿ ಈಗ ಸ್ಪ್ಯಾನಿಷ್ ಕಲಿಯುವವರು ಬಹಳ. ವಿದೇಶಿ ಗ್ರಾಹಕರ ಕರೆ, ಪತ್ರ ನೋಡಿಕೊಳ್ಳುವ ಕಂಪನಿಗಳಲ್ಲಿ ಆ ಭಾಷೆ ಬಲ್ಲವರಿಗೆ ಕೆಲಸವಿದೆ. ಅವರಿಗೆ ಊಟದ ಹೆಸರಿಗಿಂತ ಮೊದಲು ಎದುರಾಗುವುದು ನಮಸ್ಕಾರದ ಮಾತು; ಅಲ್ಲೂ ಊಟವೇ ಕೂತಿದೆ. ಲ್ಯಾಟಿನ್ ಅಮೆರಿಕದಲ್ಲಿ ಸಾಮಾನ್ಯವಾಗಿ ಗಡಿಯಾರ ಹನ್ನೆರಡು ದಾಟಿತೆಂದರೆ ‘ಬುವೆನೋಸ್ ದಿಯಾಸ್’ ಮುಗಿದು ‘ಬುವೆನಾಸ್ ತಾರ್ದೆಸ್’ ಶುರು. ಸ್ಪೇನಿನಲ್ಲಿ ಬಹಳ ಜನ ಇದನ್ನು ಗಡಿಯಾರಕ್ಕೆ ಬಿಡುವುದಿಲ್ಲ. ಕೊಮಿದಾ ಆಗುವ ತನಕ ಅವರಿಗೆ ಬೆಳಗೇ. ಮಧ್ಯಾಹ್ನ ಒಂದೂವರೆಗೆ ಮ್ಯಾಡ್ರಿಡ್‌ನವರೊಬ್ಬರು ದೂರವಾಣಿಯಲ್ಲಿ ‘ಬುವೆನೋಸ್ ದಿಯಾಸ್’ ಎಂದರೆ ಅವರ ಗಡಿಯಾರ ಕೆಟ್ಟಿಲ್ಲ. ಅವರದು ಇನ್ನೂ ಊಟವಾಗಿಲ್ಲ. ಆಗ ಮಾತು ಚುಟುಕಾಗಿರಲಿ.